‘ಸೈಲೆಂಟ್’ ವ್ಯಾಕ್ಯೂಮ್ ಕ್ಲೀನರ್: ಯಾರ ಕಿವಿಗೆ ಸೈಲೆಂಟ್?

ಇವತ್ತು ಮಧ್ಯೆ ಮಧ್ಯೆ ಗೊರಕೆ ಕೇಳಿಸಿದ್ರೆ ಅದು ನಮ್ಮ ಕರಿಯ. ಬೀದಿಯಿಂದ ಬಂದ ನಾಯಿ, ಈಗ ನಾಲ್ಕು ವರ್ಷ. ಇವತ್ತಿನ ವಿಷಯ ಅವನಿಗೂ ನಮ್ಮಮ್ಮನಿಗೂ ಸೇರಿದ್ದು.

ಅಮ್ಮನಿಗೆ ಮೊದಲಿಂದಲೂ ಉಬ್ಬಸ. ಕಳೆದ ವರ್ಷ ಅದು ಜಾಸ್ತಿಯಾದಾಗ ಮನೆಯಲ್ಲಿ ಧೂಳು, ಕೂದಲು ಕಡಿಮೆ ಮಾಡಿ ಅಂದ್ರು ಡಾಕ್ಟರು. ನೆಂಟರು ಅಷ್ಟಕ್ಕೇ ನಿಲ್ಲಲಿಲ್ಲ. "ಲೋ, ಆ ನಾಯಿನ ಊರಿನ ತೋಟಕ್ಕೆ ಬಿಟ್ಟು ಬಾರೋ" ಅಂದ್ರು. ಅಮ್ಮ ಏನೂ ಹೇಳಲಿಲ್ಲ. ಆದರೆ ಬೆಳಗ್ಗೆ ಕಸ ಗುಡಿಸಿದ ಮೇಲೆ ಇನ್ಹೇಲರ್ ಹುಡುಕುತ್ತಿದ್ದದ್ದು ನನಗೆ ಕಾಣುತ್ತಿತ್ತು. ಪೊರಕೆ ಕೂದಲನ್ನು ಹಿಡಿಯೋದಕ್ಕಿಂತ ಹಾರಿಸೋದೇ ಹೆಚ್ಚು.

ಸರಿ, ಸೇಲ್‌ನಲ್ಲಿ ಒಂದು ಕಾರ್ಡ್‌ಲೆಸ್ ಸ್ಟಿಕ್ ವ್ಯಾಕ್ಯೂಮ್ ತರಿಸಿದೆ. ಬಾಕ್ಸ್ ಮೇಲೆ ದಪ್ಪಕ್ಷರದಲ್ಲಿ ‘ಸೈಲೆಂಟ್’. ಬಟನ್ ಒತ್ತಿದೆ. ಕರಿಯ ನಿಂತಲ್ಲೇ ಉಚ್ಚೆ ಹೊಯ್ದು, ಬಚ್ಚಲುಮನೆಗೆ ಓಡಿ ಬಕೆಟ್ ಹಿಂದೆ ಮುದುರಿಕೊಂಡ. ರಾತ್ರಿವರೆಗೂ ಊಟ ಮುಟ್ಟಲಿಲ್ಲ. ವಿಚಿತ್ರ ಅಂದ್ರೆ, ನನ್ನ ಕಿವಿಗೆ ಆ ಸದ್ದು ಅಂಥಾ ಜೋರೇನೂ ಅನ್ನಿಸಿರಲಿಲ್ಲ. ಮಿಕ್ಸಿಗಿಂತ ಎಷ್ಟೋ ವಾಸಿ. ಮಷೀನ್ ವಾಪಸ್ ಕಳಿಸಿ, ಯಾಕೆ ಹೀಗಾಯ್ತು ಅಂತ ಓದೋಕೆ ಕೂತೆ.

ಮನುಷ್ಯನ ಕಿವಿಗೆ ಹೆಚ್ಚೆಂದರೆ 20,000 ಹರ್ಟ್ಜ್‌ವರೆಗಿನ ಸದ್ದು ಕೇಳಿಸುತ್ತೆ. ವಯಸ್ಸಾದಂತೆ ಅದೂ ಇಳಿಯುತ್ತೆ. ನಾಯಿಗೆ ಸುಮಾರು 45,000, ಬೆಕ್ಕಿಗೆ ಸುಮಾರು 64,000 ಹರ್ಟ್ಜ್‌ವರೆಗೂ ಕೇಳಿಸುತ್ತೆ. ಬಾಕ್ಸ್ ಮೇಲೆ ಬರೆದಿರೋ ಡೆಸಿಬಲ್ ಸಾಮಾನ್ಯವಾಗಿ ನಮ್ಮ ಕಿವಿಯ ಗುಣಕ್ಕೆ ಹೊಂದಿಸಿ ಅಳೆದದ್ದು. ನಮಗೆ ಕೇಳಿಸದ ಕೀರಲು ಸದ್ದು ಎಷ್ಟಿದ್ದರೂ ಆ ಅಂಕಿಯಲ್ಲಿ ಹೆಚ್ಚುಕಡಿಮೆ ಲೆಕ್ಕಕ್ಕೇ ಬರಲ್ಲ.

ಇದಕ್ಕೆ ಒಳ್ಳೆ ಉದಾಹರಣೆ ವ್ಯಾಕ್ಯೂಮ್‌ದಲ್ಲ, ಹೇರ್ ಡ್ರೈಯರ್‌ದು. 2016ರಲ್ಲಿ ಡೈಸನ್ ಕಂಪನಿ ಸೂಪರ್‌ಸಾನಿಕ್ ಅನ್ನೋ ಡ್ರೈಯರ್ ತಂತು. ಅದರ ಮೋಟಾರ್ ನಿಮಿಷಕ್ಕೆ 1,10,000 ಸುತ್ತು ತಿರುಗುತ್ತೆ. ಇಂಜಿನಿಯರ್‌ಗಳು ಒಳಗಿನ ಫ್ಯಾನಿಗೆ 11ರ ಬದಲು 13 ರೆಕ್ಕೆ ಹಾಕಿ, ಒಂದು ಸ್ವರವನ್ನು ಮನುಷ್ಯರಿಗೆ ಕೇಳಿಸದಷ್ಟು ಮೇಲಕ್ಕೆ ತಳ್ಳಿದರು. ಜಾಣತನದ ಕೆಲಸವೇ. ಲೆಕ್ಕ ಹಾಕಿ ನೋಡಿ: 1,10,000ನ್ನು 60ರಿಂದ ಭಾಗಿಸಿ 13ರಿಂದ ಗುಣಿಸಿದರೆ ಸುಮಾರು 23,800 ಹರ್ಟ್ಜ್. ನಮಗೆ ಮೌನ, ನಾಯಿಗೆ ಸ್ಪಷ್ಟ. ಕಾರ್ಡ್‌ಲೆಸ್ ವ್ಯಾಕ್ಯೂಮ್‌ಗಳಲ್ಲೂ ಇಂಥ ಪುಟ್ಟ, ಅತಿವೇಗದ ಮೋಟಾರ್‌ಗಳು ಬರುತ್ತವೆ.

ನನ್ನ ಹತ್ರ ಪಾಡ್‌ಕಾಸ್ಟ್ ಮೈಕ್ ಇದೆಯಲ್ಲ, ರೆಕಾರ್ಡ್ ಮಾಡಿ ಕಂಡುಹಿಡಿದುಬಿಡ್ತೀನಿ ಅಂದುಕೊಂಡೆ. ಆಗಲ್ಲ. 48,000 ಸ್ಯಾಂಪಲ್ ರೇಟ್‌ನಲ್ಲಿ ರೆಕಾರ್ಡ್ ಮಾಡಿದರೆ ಸಿಗೋದು ಅದರ ಅರ್ಧ, ಅಂದ್ರೆ 24,000 ಹರ್ಟ್ಜ್‌ವರೆಗೆ ಮಾತ್ರ. ಕರಿಯನ ಕಿವಿ ಕೇಳೋದರಲ್ಲಿ ಅರ್ಧದಷ್ಟು ನನ್ನ ಮೈಕಿಗೂ ಸಿಗಲ್ಲ. ಫೋನಿನ ಡೆಸಿಬಲ್ ಆ್ಯಪ್ ಕಥೆಯೂ ಅಷ್ಟೇ.

ಹಾಗಂತ ಡೆಸಿಬಲ್ ನೋಡಲೇಬೇಡಿ ಅಂತಲ್ಲ. 70 ಮತ್ತು 80ರ ನಡುವೆ ಹತ್ತೇ ಅಂಕಿ ಅಂತ ಕಾಣುತ್ತೆ, ಆದರೆ ಸದ್ದಿನ ಶಕ್ತಿ ಹತ್ತು ಪಟ್ಟು, ನಮ್ಮ ಕಿವಿಗೆ ಹೆಚ್ಚುಕಡಿಮೆ ಎರಡು ಪಟ್ಟು ಜೋರು. ಯುರೋಪಿಯನ್ ಒಕ್ಕೂಟ 2017ರಿಂದ ವ್ಯಾಕ್ಯೂಮ್ ಸದ್ದಿಗೆ 80 ಡೆಸಿಬಲ್, ಮೋಟಾರಿಗೆ 900 ವಾಟ್ ಮಿತಿ ಹಾಕಿದೆ. ನಮ್ಮ ಅಂಗಡಿಗಳಲ್ಲಿ ಇನ್ನೂ "ಸರ್, ಇದು 1,600 ವಾಟ್" ಅಂತ ಹೆಮ್ಮೆಯಿಂದ ಹೇಳ್ತಾರೆ. ವಾಟ್ ಅಂದ್ರೆ ಅದು ತಿನ್ನೋ ಕರೆಂಟು, ಎಳೆಯೋ ಧೂಳಲ್ಲ.

ಕೊನೆಗೆ ನಾನು ತಗೊಂಡಿದ್ದು ಹಳೇ ಕಾಲದ್ದು ಅನ್ನಿಸೋ, ಚಕ್ರದ ಮೇಲೆ ಎಳೆಯೋ ಕ್ಯಾನಿಸ್ಟರ್. ಇದರ ಮೋಟಾರ್ ದೊಡ್ಡದು, ಆ ಪುಟ್ಟ ಮೋಟಾರ್‌ಗಳಿಗಿಂತ ನಿಧಾನ. ಸದ್ದಿಲ್ಲ ಅಂತಲ್ಲ. ಅದರ ಮುಖ್ಯ ಸ್ವರ ನಮ್ಮ ಕಿವಿಗೂ ಬೀಳುತ್ತೆ, ಹಾಗಾಗಿ ಅಂಗಡಿಯಲ್ಲೇ ಆನ್ ಮಾಡಿಸಿ ಕೇಳಿ ತೀರ್ಮಾನ ಮಾಡಬಹುದು. ವೇಗ ಕಡಿಮೆ ಮಾಡೋ ನಾಬ್ ಇರೋದನ್ನೇ ಕೇಳಿ. ನಮ್ಮ ಮನೆಗಳಲ್ಲಿ ಕಾರ್ಪೆಟ್ ಕಮ್ಮಿ, ಟೈಲ್ಸ್ ಮೇಲಿನ ಕೂದಲಿಗೆ ಅರ್ಧ ವೇಗ ಧಾರಾಳ ಸಾಕು. ಸೋಫಾ, ದಿವಾನಿಗೆ ಮಾತ್ರ ಫುಲ್. ತಿರುಗೋ ಬ್ರಷ್‌ಗೆ ದುಡ್ಡು ಹಾಕಲಿಲ್ಲ, ಅದಕ್ಕೆ ಸುತ್ತಿಕೊಂಡ ಕೂದಲನ್ನು ಕತ್ತರಿಯಲ್ಲಿ ಬಿಡಿಸೋ ಕೆಲಸ ಬೇರೆ. ಅಂಗಡಿಗೆ ಹೋಗುವಾಗ ಒಂದು ಪ್ಲಾಸ್ಟಿಕ್ ಕವರ್‌ನಲ್ಲಿ ಕರಿಯನ ಕೂದಲು ತುಂಬಿಕೊಂಡು ಹೋಗಿದ್ದೆ. ಹುಡುಗ ನಕ್ಕ, ಆದರೂ ಮ್ಯಾಟ್ ಮೇಲೆ ಉದುರಿಸಿ ತೋರಿಸಿದ.

ಅಮ್ಮನ ವಿಷಯಕ್ಕೆ ಬಂದ್ರೆ, ಅಲರ್ಜಿ ತರೋದು ನಿಜವಾಗಿ ಕೂದಲಲ್ಲ. ಚರ್ಮದ ಹೊಟ್ಟು, ಜೊಲ್ಲಿನಲ್ಲಿರೋ ಪ್ರೋಟೀನ್. ಅದು ಎಷ್ಟು ಸಣ್ಣದು ಅಂದ್ರೆ ಮಾಮೂಲಿ ಫಿಲ್ಟರ್ ದಾಟಿ ಹಿಂದಿನಿಂದ ಮತ್ತೆ ಮನೆಗೇ ಬರುತ್ತೆ. ನಿಜವಾದ ಹೆಪಾ ಫಿಲ್ಟರ್ 0.3 ಮೈಕ್ರಾನ್ ಕಣಗಳಲ್ಲಿ 99.97% ಹಿಡಿಯಬೇಕು. ‘ಹೆಪಾ ಟೈಪ್’ ಅಂತ ಬರೆದಿದ್ದರೆ ಆ ಭರವಸೆ ಇಲ್ಲ. ಬಿಸಾಡೋ ಬ್ಯಾಗ್ ಇರೋ ಮಷೀನ್ ಆರಿಸಿದ್ದೂ ಇದಕ್ಕೇ: ಡಬ್ಬಿ ಕೊಡವುವಾಗ ಎದ್ದ ಧೂಳು ಅಮ್ಮನ ಮೂಗಿಗೆ ಹೋದರೆ ಮಾಡಿದ್ದೆಲ್ಲ ನೀರಲ್ಲಿ ಹೋಮ.

ಬಿ.ಕಾಂ. ಮಾಡಿದವನು ಲೆಕ್ಕ ಹೇಳದೆ ಬಿಡ್ತೀನಾ? ನನಗೆ ಸಿಕ್ಕಿದ ರೇಟ್ ಪ್ರಕಾರ ಕ್ಯಾನಿಸ್ಟರ್ 6,800 ರೂಪಾಯಿ, ಬ್ಯಾಗ್‌ಗೆ ವರ್ಷಕ್ಕೆ 800. ಐದು ವರ್ಷಕ್ಕೆ 10,800. ವಾಪಸ್ ಕಳಿಸಿದ ಸ್ಟಿಕ್ 9,500, ಮೂರನೇ ವರ್ಷದ ಹೊತ್ತಿಗೆ ಹೊಸ ಬ್ಯಾಟರಿ ಅಂದ್ರೆ ಇನ್ನೊಂದು 3,000. ಸೇಲ್‌ನಲ್ಲಿ ಅಗ್ಗ ಅಂತ ಕಂಡಿದ್ದು ಯಾವುದು ನೋಡಿ.

ಈಗ ನಡೀತಿರೋದು ಹೀಗೆ. ಮೊದಲ ವಾರ ಮಷೀನ್ ಆನ್ ಮಾಡದೆ ಹಾಲ್‌ನಲ್ಲಿ ಸುಮ್ಮನೆ ಇಟ್ಟು, ಪಕ್ಕದಲ್ಲಿ ಬಿಸ್ಕತ್ ಹಾಕಿದೆ. ಆಮೇಲೆ ರೂಮಿನ ಬಾಗಿಲು ಹಾಕಿಕೊಂಡು ಕಡಿಮೆ ವೇಗದಲ್ಲಿ ಎರಡು ನಿಮಿಷ. ಈಗ ನಾನು ಗುಡಿಸೋ ಹೊತ್ತಿಗೆ ಅಮ್ಮನೇ ಕರಿಯನನ್ನು ಕರಕೊಂಡು ಟೆರೇಸ್‌ಗೆ ಹೋಗ್ತಾರೆ. ಏಳೋ ಧೂಳಿಂದ ಅವರೂ ದೂರ, ಸದ್ದಿಂದ ಅವನೂ ದೂರ. ಅಲ್ಲೇ ಅವನಿಗೆ ಬಾಚಣಿಗೆ ಹಾಕಿ ಕೂದಲು ತೆಗೀತಾರೆ. ಉಬ್ಬಸ ಪೂರ್ತಿ ಹೋಗಿಲ್ಲ, ಔಷಧಿ ನಡೀತಿದೆ. ಆದರೆ ತೋಟದ ಮಾತು ನಿಂತಿದೆ.

ಬೆಕ್ಕು ಸಾಕಿರೋರು ಒಂದು ವಾಯ್ಸ್ ನೋಟ್ ಕಳಿಸಿ. ನಿಮ್ಮ ಮನೇಲಿ ವ್ಯಾಕ್ಯೂಮ್ ಆನ್ ಆದ್ರೆ ಅದು ಎಲ್ಲಿ ಅಡಗಿಕೊಳ್ಳುತ್ತೆ, ಹೇಳಿ.