ಚಳಿಗಾಲದ ಮುಂಜಾನೆ ಮತ್ತು ದಾದಿಯ ಮೊಣಕಾಲು

ಚಳಿಗಾಲ ಬಂತು ಅಂತ ನಮ್ಮ ಮನೆಯಲ್ಲಿ ಮೊದಲು ಹೇಳುವುದು ಕ್ಯಾಲೆಂಡರ್ ಅಲ್ಲ, ದಾದಿಯ ಮೊಣಕಾಲು. ದೀಪಾವಳಿ ಮುಗಿದು ಜಮಖಂಡಿ–ಮುಧೋಳ ರಸ್ತೆಯಲ್ಲಿ ಕಬ್ಬಿನ ಟ್ರ್ಯಾಕ್ಟರ್‌ಗಳ ಸಾಲು ಶುರುವಾಗುವ ಹೊತ್ತಿಗೆ ದಾದಿಯ ತ್ರಾಸೂ ಶುರುವಾಗುತ್ತದೆ. ಫಜರ್ ಅಜಾನ್ ಕೇಳಿದ ಕೂಡಲೇ ಅವರಿಗೆ ಎಚ್ಚರವೇನೋ ಆಗುತ್ತದೆ. ಆದರೆ ಕೌದಿ ಸರಿಸಿ, ಕಾಲು ಕೆಳಗಿಟ್ಟು, ಗೋಡೆ ಹಿಡಿದು ನಿಲ್ಲುವುದಕ್ಕೆ ಹತ್ತು ಹದಿನೈದು ನಿಮಿಷ ಬೇಕು. “ಕೀಲಿಗೆ ಜಂಗ್ ಹಿಡದೈತಿ ಬೇಟಿ, ಎಣ್ಣಿ ಬಿಡಬೇಕು ನೋಡು” ಅಂತ ನಗುತ್ತಾರೆ. ನಗುವಾಗಲೂ ಹಲ್ಲು ಕಚ್ಚಿರುತ್ತಾರೆ.

ದಾದಿ ಬನಹಟ್ಟಿಯ ಮಗಳು. ಮದುವೆಗೆ ಮುಂಚೆ ಮತ್ತು ಆಮೇಲೂ ಬಹಳ ವರ್ಷ ನೇಕಾರರ ಮನೆಗಳಿಗೆ ಕಂಡಿಕಿ ಸುತ್ತಿಕೊಟ್ಟವರು. ನೆಲದ ಮೇಲೆ ಕಾಲು ಮಡಚಿ ಕೂತು, ಒಂದು ಕೈಯಿಂದ ರಾಟಿ ತಿರುಗಿಸುತ್ತ, ಇನ್ನೊಂದು ಕೈಯಿಂದ ನೂಲು ಹಿಡಿಯುವ ಕೆಲಸ ಅದು. ಈಗ ಅವರ ಬೆರಳುಗಳ ತುದಿಯ ಗೆಣ್ಣುಗಳು ಗಂಟು ಕಟ್ಟಿವೆ. ಚಳಿಯಲ್ಲಿ ಕುಪ್ಪಸದ ಹುಕ್ ಹಾಕಿಕೊಳ್ಳಲೂ ನನ್ನನ್ನೇ ಕರೆಯುತ್ತಾರೆ.

ಈ ಲೇಖನ ಬರೆಯಲು ಕಾರಣ ನಾನು ಮಾಡಿದ ಒಂದು ತಪ್ಪು. ಹೋದ ವರ್ಷ ಚಳಿ ಜೋರಾಗಿದ್ದ ಒಂದು ರಾತ್ರಿ, ದಾದಿಗೆ ಆರಾಮ ಆಗಲಿ ಅಂತ ಒಂದು ಇಟ್ಟಂಗಿಯನ್ನು ಒಲೆಯ ಮೇಲೆ ಕಾಯಿಸಿ, ಬಟ್ಟೆಯಲ್ಲಿ ಸುತ್ತಿ, ಅವರ ಕಾಲಿನ ಹತ್ತಿರ ಇಟ್ಟೆ. ದಾದಿ “ಭಾಳ ಚಲೋ ಅನಸ್ತದ” ಅಂತ ಹೇಳಿ ಮಲಗಿದರು. ಮುಂಜಾನೆ ನೋಡಿದರೆ ಹಿಮ್ಮಡಿಯ ಹತ್ತಿರ ದೊಡ್ಡ ಬೊಬ್ಬೆ. ಅವರಿಗೆ ಸಕ್ಕರೆ ಕಾಯಿಲೆ ಇದೆ. ಬಹಳ ವರ್ಷದ ಸಕ್ಕರೆ ಕಾಯಿಲೆಯಲ್ಲಿ ಪಾದದ ನರಗಳು ಮಂದವಾಗಿ ಬಿಸಿ ಗೊತ್ತಾಗುವುದಿಲ್ಲ ಎಂಬುದು ನನಗೆ ತಿಳಿದಿರಲಿಲ್ಲ. ಆ ಗಾಯ ಒಣಗಲು ಒಂದು ತಿಂಗಳ ಮೇಲೆ ಹಿಡಿಯಿತು. ಡ್ರೆಸ್ಸಿಂಗ್ ಮಾಡಿದ ಡಾಕ್ಟರ್ ಬೈಯಲಿಲ್ಲ. “ವಿಜ್ಞಾನ ಓದತೀಯಲ್ಲವಾ, ಇದನ್ನೂ ಸ್ವಲ್ಪ ಓದು” ಅಂದರು ಅಷ್ಟೇ. ಓದಿದೆ, ಅವರನ್ನೂ ಕೇಳಿದೆ. ತಿಳಿದದ್ದನ್ನು ನಿಮಗೂ ಹೇಳುತ್ತೇನೆ. ಯಾಕೆಂದರೆ ನಿಮ್ಮ ಮನೆಯಲ್ಲೂ ಒಬ್ಬರು ದಾದಿ, ನಾನಿ, ಅಜ್ಜ ಅಥವಾ ಅಮ್ಮ ಹೀಗೆಯೇ ಗೋಡೆ ಹಿಡಿದು ಏಳುತ್ತಿರಬಹುದು.

ಕೀಲಿನ ಒಳಗೆ ಏನಿದೆ?

ಪ್ರಥಮ ಪಿಯುಸಿ ಜೀವಶಾಸ್ತ್ರದಲ್ಲಿ ಚಲನೆಯ ಅಧ್ಯಾಯದ ಕೊನೆಗೆ ಸಂಧಿವಾತ ಮತ್ತು ಗೌಟ್ ಬಗ್ಗೆ ಒಂದೆರಡು ಸಾಲು ಇವೆ. ಪರೀಕ್ಷೆಗೆ ಒಂದು ಅಂಕದ ಪ್ರಶ್ನೆ ಎಂದು ನಾವು ಅದನ್ನು ದಾಟಿಬಿಡುತ್ತೇವೆ. ಆದರೆ ಚಿತ್ರ ನೆನಪಿಸಿಕೊಳ್ಳಿ. ಎರಡು ಎಲುಬುಗಳ ತುದಿಗೆ ನುಣುಪಾದ ಮೃದ್ವಸ್ಥಿಯ ಹೊದಿಕೆ ಇರುತ್ತದೆ. ಸುತ್ತಲೂ ಒಂದು ಚೀಲ, ಆ ಚೀಲದೊಳಗೆ ಲೋಳೆಯಂಥ ಸೈನೋವಿಯಲ್ ದ್ರವ. ದಾದಿ ಹೇಳುವ “ಎಣ್ಣಿ” ಇದೇ.

ಮೃದ್ವಸ್ಥಿಗೆ ರಕ್ತನಾಳಗಳಿಲ್ಲ. ಅದಕ್ಕೆ ಪೋಷಣೆ ಸಿಗುವುದು ಈ ದ್ರವದಿಂದ. ನಾವು ನಡೆದಾಗ, ಕೀಲು ಮಡಚಿ ಬಿಡಿಸಿದಾಗ, ಸ್ಪಂಜು ಹಿಂಡಿ ಬಿಟ್ಟ ಹಾಗೆ ದ್ರವ ಒಳಹೊರಗೆ ಹರಿಯುತ್ತದೆ. ಅಂದರೆ ಕೀಲಿಗೆ ಎಣ್ಣೆ ಹೊರಗಿನಿಂದ ಬಿಡಬೇಕಾಗಿಲ್ಲ. ಕೀಲು ಆಡಿದರೆ ಅದೇ ಬಿಟ್ಟುಕೊಳ್ಳುತ್ತದೆ. ರಾತ್ರಿಯಿಡೀ ಅಲುಗದೆ ಮಲಗಿದ ಸವೆದ ಕೀಲು ಮುಂಜಾನೆ ಹಿಡಿದುಕೊಳ್ಳುವುದೂ, ನಾಲ್ಕು ಹೆಜ್ಜೆ ನಡೆದ ಮೇಲೆ ಸಡಿಲವಾಗುವುದೂ ಇದಕ್ಕೇ.

ಚಳಿಗೂ ನೋವಿಗೂ ಸಂಬಂಧ ಇದೆಯೇ?

ಇದೆ ಎಂದು ಎಲ್ಲ ಹಿರಿಯರೂ ಹೇಳುತ್ತಾರೆ. ವಿಜ್ಞಾನಿಗಳಲ್ಲಿ ಮಾತ್ರ ಒಮ್ಮತ ಇಲ್ಲ. ಅಮೆರಿಕದಲ್ಲಿ 1 ಕೋಟಿಗೂ ಹೆಚ್ಚು ಆಸ್ಪತ್ರೆ ಭೇಟಿಗಳ ದಾಖಲೆ ನೋಡಿ 2017ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಮಳೆಗೂ ಕೀಲುನೋವಿಗೂ ನಂಟು ಕಾಣಲಿಲ್ಲ. ಬ್ರಿಟನ್ನಿನಲ್ಲಿ ಎರಡೂವರೆ ಸಾವಿರಕ್ಕೂ ಹೆಚ್ಚು ಜನ ತಮ್ಮ ನೋವನ್ನು ದಿನದಿನವೂ ಮೊಬೈಲ್‌ನಲ್ಲಿ ದಾಖಲಿಸಿದರು. 2019ರಲ್ಲಿ ಪ್ರಕಟವಾದ ಆ ಅಧ್ಯಯನದ ಪ್ರಕಾರ ಗಾಳಿಯಲ್ಲಿ ತೇವ ಹೆಚ್ಚಿದ್ದ, ವಾಯುಭಾರ ಕಡಿಮೆಯಿದ್ದ, ಗಾಳಿ ಜೋರಾಗಿದ್ದ ದಿನಗಳಲ್ಲಿ ನೋವು ಸ್ವಲ್ಪ ಹೆಚ್ಚು. ಬರೀ ಉಷ್ಣತೆ ಇಳಿದದ್ದರಿಂದ ಅಷ್ಟಾಗಿ ವ್ಯತ್ಯಾಸ ಕಾಣಲಿಲ್ಲ.

ನಮ್ಮ ಭಾಗದ ಚಳಿ ಒಣ ಚಳಿ. ಹಾಗಾದರೆ ದಾದಿಯ ಮೊಣಕಾಲು ಯಾಕೆ ಹಿಡಿಯುತ್ತದೆ? ಡಾಕ್ಟರ್ ವಿವರಿಸಿದ್ದು ಹೀಗೆ. ಚಳಿಯಲ್ಲಿ ಮೈಯ ಶಾಖ ಉಳಿಸಲು ಕೈಕಾಲಿನ ರಕ್ತನಾಳಗಳು ಸಂಕುಚಿಸುತ್ತವೆ. ಕೀಲಿನ ಸುತ್ತಲಿನ ಸ್ನಾಯುಗಳು ಬಿಗಿಯಾಗುತ್ತವೆ. ಎಲ್ಲಕ್ಕಿಂತ ಮುಖ್ಯವಾಗಿ, ಚಳಿಯಲ್ಲಿ ಹಿರಿಯರು ಅಲುಗಾಡುವುದೇ ಕಡಿಮೆ. ಬೇಸಿಗೆಯಲ್ಲಿ ದಾದಿ ನಸುಕಿನಲ್ಲೇ ಎದ್ದು ಅಂಗಳ ಗುಡಿಸಿ ಹಾಲಿನ ಡೇರಿತನಕ ಹೋಗಿಬರುತ್ತಾರೆ. ಚಳಿಗಾಲದಲ್ಲಿ ಬಿಸಿಲು ಏರುವತನಕ ಕೌದಿಯೊಳಗೆ. ಕೀಲು ಆಡದಿದ್ದರೆ ಹಿಡಿಯುತ್ತದೆ, ಹಿಡಿದರೆ ನೋಯುತ್ತದೆ, ನೋಯುತ್ತದೆ ಅಂತ ಮತ್ತೆ ಆಡಿಸುವುದಿಲ್ಲ. ಈ ಸುತ್ತನ್ನು ಎಲ್ಲಾದರೂ ಒಂದು ಕಡೆ ಮುರಿಯಬೇಕು.

ಎಲ್ಲ ಕೀಲುನೋವೂ ಒಂದೇ ಅಲ್ಲ

ದಾದಿಯದು ಸವೆತದ ಸಂಧಿವಾತ. ಮುಂಜಾನೆಯ ಹಿಡಿತ ಸಾಮಾನ್ಯವಾಗಿ ಅರ್ಧ ಗಂಟೆಯೊಳಗೆ ಸಡಿಲವಾಗುತ್ತದೆ. ಹೆಚ್ಚು ಓಡಾಡಿದರೆ ಸಂಜೆಗೆ ನೋವು ಬರುತ್ತದೆ.

ಇನ್ನೊಂದು ರುಮಟಾಯ್ಡ್ ಸಂಧಿವಾತ. ಇಲ್ಲಿ ದೇಹದ ರಕ್ಷಣಾ ವ್ಯವಸ್ಥೆ ತನ್ನದೇ ಕೀಲುಗಳ ಮೇಲೆ ತಿರುಗಿ ಬೀಳುತ್ತದೆ. ಎರಡೂ ಕೈಗಳ ಸಣ್ಣ ಕೀಲುಗಳು ಊದಿಕೊಳ್ಳುತ್ತವೆ, ಮುಂಜಾನೆಯ ಬಿಗಿತ ಒಂದು ಗಂಟೆಯ ಮೇಲೂ ಇರುತ್ತದೆ, ಸುಸ್ತು ಇರುತ್ತದೆ. ಇದು ಮುದುಕರ ಕಾಯಿಲೆ ಅಲ್ಲ. ಮೂವತ್ತು ನಲವತ್ತರ ಹೆಣ್ಣುಮಕ್ಕಳಿಗೂ ಬರುತ್ತದೆ. “ಚಳಿಗೆ ಹಿಡದಾವ” ಅಂತ ವರ್ಷಗಟ್ಟಲೆ ಬಿಟ್ಟರೆ ಬೆರಳು ಸೊಟ್ಟಗಾಗಿ ಮತ್ತೆ ನೆಟ್ಟಗಾಗುವುದಿಲ್ಲ. ಬೇಗ ಚಿಕಿತ್ಸೆ ಶುರು ಮಾಡಿದರೆ ತಡೆಯಬಹುದು.

ಮೂರನೆಯದು ಗೌಟ್. ರಕ್ತದಲ್ಲಿ ಯೂರಿಕ್ ಆಮ್ಲ ಹೆಚ್ಚಾಗಿ ಅದರ ಹರಳುಗಳು ಕೀಲಿನಲ್ಲಿ ಕೂರುತ್ತವೆ. ಬಹಳ ಸಲ ರಾತ್ರೋರಾತ್ರಿ ಕಾಲಿನ ಹೆಬ್ಬೆರಳು ಕೆಂಪಾಗಿ ಊದಿ, ಹೊದಿಕೆ ತಾಗಿದರೂ ಚೀರುವಂತೆ ನೋಯುತ್ತದೆ.

ನಮ್ಮ ಮನೆಯಲ್ಲಿ ಈಗ ಏನು ಮಾಡುತ್ತೇವೆ

*ಹಾಸಿಗೆಯಲ್ಲೇ ಐದು ನಿಮಿಷ.* ಅಜಾನ್‌ಗೆ ಸ್ವಲ್ಪ ಮುಂಚೆ ನಾನು ದಾದಿಯನ್ನು ಎಬ್ಬಿಸುತ್ತೇನೆ. ಕೌದಿಯೊಳಗೇ ಪಾದಗಳನ್ನು ಮೇಲೆ ಕೆಳಗೆ ಹತ್ತು ಸಲ ಆಡಿಸುತ್ತಾರೆ. ಹಿಮ್ಮಡಿ ಜಾರಿಸಿ ಮೊಣಕಾಲು ಮಡಚಿ ಬಿಡಿಸುವುದು ಹತ್ತು ಸಲ. ಮೊಣಕಾಲಿನ ಕೆಳಗೆ ಸುತ್ತಿದ ಟವೆಲ್ ಇಟ್ಟು, ಅದನ್ನು ಒತ್ತಿ ಐದು ಎಣಿಸಿ ಬಿಡುವುದು ಹತ್ತು ಸಲ. ಕೊನೆಗೆ ಮುಷ್ಟಿ ಕಟ್ಟಿ ಬಿಡಿಸುವುದು. ಇಷ್ಟಾದ ಮೇಲೆ ಎದ್ದರೆ ಗೋಡೆ ಹಿಡಿಯುವುದು ಅರ್ಧ ಕಡಿಮೆ.

*ಬಿಸಿನೀರಿನ ವುಜೂ.* ರಾತ್ರಿಯೇ ಥರ್ಮಾಸ್‌ನಲ್ಲಿ ಬಿಸಿನೀರು ತುಂಬಿಡುತ್ತೇವೆ. ಮುಂಜಾನೆ ತಣ್ಣೀರು ಬೆರೆಸಿ ಉಗುರುಬೆಚ್ಚಗೆ ಮಾಡಿಕೊಡುತ್ತೇನೆ. ಕೈಬೆರಳುಗಳ ವ್ಯಾಯಾಮ ಆ ನೀರಿನಲ್ಲೇ ಸುಲಭ.

*ನೆಲದ ತಂಪು.* ನಮ್ಮ ಕಡೆಯ ಕಲ್ಲುಹಾಸಿನ ನೆಲ ಡಿಸೆಂಬರ್‌ನಲ್ಲಿ ಹಿಮದ ಹಾಗಿರುತ್ತದೆ. ಜಾನಮಾಜ್ ಕೆಳಗೆ ಹಳೆಯ ಕೌದಿಯೊಂದನ್ನು ಮಡಚಿ ಹಾಸಿದೆವು. ಕಾಲಿಗೆ ಸಾಕ್ಸ್. ಸಜ್ದಾಕ್ಕೆ ಬಗ್ಗಿ ಏಳಲು ಆಗದ ದಿನ ಕುರ್ಚಿಯ ಮೇಲೆ ನಮಾಜ್. ಮೊದಮೊದಲು ದಾದಿ ಒಪ್ಪಲಿಲ್ಲ. ಕೂತು ಓದಿದರೆ ಕಡಿಮೆಯಾಯಿತೇನೋ ಎಂಬ ಅಳುಕು. ಆಗದವರು ಕೂತು ಓದಬಹುದು, ಅದೂ ಆಗದವರು ಮಲಗಿಯೂ ಓದಬಹುದು ಎಂಬ ರಿಯಾಯಿತಿ ನಮ್ಮ ದೀನಿನಲ್ಲೇ ಇದೆ ಎಂದು ಇಮಾಮ್ ಸಾಹೇಬರು ಅಬ್ಬಾಗೆ ಹೇಳಿ ಕಳಿಸಿದ ಮೇಲೆ ಅವರ ಮನಸ್ಸು ಹಗುರಾಯಿತು.

*ಶಾಖ, ಆದರೆ ಎಚ್ಚರದಿಂದ.* ಬಿಸಿನೀರಲ್ಲಿ ಹಿಂಡಿದ ಟವೆಲ್ ಅಥವಾ ಬಿಸಿನೀರಿನ ಚೀಲ, ನಡುವೆ ಬಟ್ಟೆ ಇಟ್ಟು, 15ರಿಂದ 20 ನಿಮಿಷ ಮಾತ್ರ. ಮೊದಲು ನನ್ನ ಕೈಗೆ ಇಟ್ಟುಕೊಂಡು ನೋಡುತ್ತೇನೆ. ಮಲಗಿ ನಿದ್ದೆ ಹೋಗುವಾಗ ಶಾಖ ಇಡುವುದೇ ಇಲ್ಲ. ಸಕ್ಕರೆ ಕಾಯಿಲೆ ಇದ್ದವರ ಪಾದಕ್ಕೆ ಇಟ್ಟಂಗಿ, ಕೆಂಡ, ಹೀಟರ್ ಯಾವುದೂ ಬೇಡ. ಮುಲಾಮು ಹಚ್ಚಿದ ಮೇಲೆ ಅದರ ಮೇಲೆ ಶಾಖ ಕೊಡಬಾರದು, ಚರ್ಮ ಸುಡುತ್ತದೆ. ಕೀಲು ಕೆಂಪಾಗಿ, ಬಿಸಿಯಾಗಿ ಊದಿದ್ದರೆ ಶಾಖ ಬೇಡ, ಡಾಕ್ಟರ್ ಬೇಕು.

*ಬಿಸಿಲಿನಲ್ಲಿ ನಡಿಗೆ.* ಎಳೆ ಬಿಸಿಲಿನಲ್ಲಿ ಹತ್ತು ನಿಮಿಷದಿಂದ ಶುರು ಮಾಡಿ ಈಗ ಅರ್ಧ ಗಂಟೆ. ತೊಡೆಯ ಮುಂಭಾಗದ ಸ್ನಾಯು ಗಟ್ಟಿಯಾದಷ್ಟೂ ಮೊಣಕಾಲಿನ ಮೇಲಿನ ಹೊರೆ ಕಡಿಮೆ. ತೂಕದ ಲೆಕ್ಕವೂ ಇದೆ. ಮೊಣಕಾಲು ಸವೆದ ದಪ್ಪ ಮೈಯ ಹಿರಿಯರನ್ನು ಅಮೆರಿಕದಲ್ಲಿ ಪರೀಕ್ಷಿಸಿ 2005ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಮೈತೂಕ ಒಂದು ಕಿಲೋ ಇಳಿದರೆ ಪ್ರತಿ ಹೆಜ್ಜೆಯಲ್ಲೂ ಮೊಣಕಾಲಿನ ಮೇಲಿನ ಭಾರ ಸುಮಾರು ನಾಲ್ಕು ಕಿಲೋ ಇಳಿಯುತ್ತದೆ.

ನೋವಿನ ಗುಳಿಗೆ ಮತ್ತು ಸಂತೆಯ ಪುಡಿ

ಇದನ್ನು ಸ್ವಲ್ಪ ಗಮನವಿಟ್ಟು ಓದಿ. ಹಿರಿಯರು ನಮ್ಮ ಕೈಗೆ ಹತ್ತು ರೂಪಾಯಿ ಕೊಟ್ಟು “ನೋವಿನ ಗುಳಿಗಿ ತಾ” ಅನ್ನುತ್ತಾರೆ, ನಾವು ತಂದುಕೊಡುತ್ತೇವೆ. ಡೈಕ್ಲೋಫಿನಾಕ್‌ನಂಥ ಗುಳಿಗೆಗಳನ್ನು ಕೇಳದೆ ದಿನಾ ನುಂಗಿದರೆ ಹೊಟ್ಟೆಯಲ್ಲಿ ಹುಣ್ಣಾಗಬಹುದು, ಬಿ.ಪಿ. ಏರಬಹುದು, ಕಿಡ್ನಿಗೆ ಪೆಟ್ಟು ಬೀಳಬಹುದು. ಸಕ್ಕರೆ, ಬಿ.ಪಿ. ಇದ್ದವರಿಗೆ ಅಪಾಯ ಇನ್ನೂ ಹೆಚ್ಚು. ಅದೇ ಔಷಧ ಹಚ್ಚುವ ಜೆಲ್ ರೂಪದಲ್ಲೂ ಸಿಗುತ್ತದೆ. ಜೆಲ್‌ನಿಂದ ರಕ್ತಕ್ಕೆ ಸೇರುವುದು ಬಹಳ ಕಡಿಮೆ. ಡಾಕ್ಟರ್ ದಾದಿಗೆ ಕೊಟ್ಟದ್ದು ಅದನ್ನೇ.

ಹೆಸರು, ಲೇಬಲ್ ಇಲ್ಲದ ಪುಡಿ ಮತ್ತು ಗುಳಿಗೆ ಅದಕ್ಕಿಂತ ಕೆಟ್ಟವು. ಎರಡೇ ದಿನದಲ್ಲಿ ನೋವು ಮಾಯ ಎನ್ನುವ ಇಂಥ ಪುಡಿಗಳಲ್ಲಿ ಸ್ಟಿರಾಯ್ಡ್ ಬೆರೆಸಿದ್ದು ಎಷ್ಟೋ ಸಲ ಪತ್ತೆಯಾಗಿದೆ. ಸ್ಟಿರಾಯ್ಡ್ ಸಕ್ಕರೆ ಏರಿಸುತ್ತದೆ, ಎಲುಬು ಟೊಳ್ಳು ಮಾಡುತ್ತದೆ. ಬಹಳ ದಿನ ತಿಂದು ಥಟ್ಟನೆ ಬಿಟ್ಟರೆ ಜೀವಕ್ಕೇ ಅಪಾಯ. ಮನೆಯಲ್ಲಿ ಯಾರಾದರೂ ತಿನ್ನುತ್ತಿದ್ದರೆ ಬೈದು ಕಸಿದುಕೊಳ್ಳಬೇಡಿ. ಪುಡಿಯ ಸಮೇತ ಡಾಕ್ಟರ್ ಹತ್ತಿರ ಕರೆದುಕೊಂಡು ಹೋಗಿ.

ಪಾಯಾ ಬಗ್ಗೆ ಒಂದು ಮಾತು. ಚಳಿಗಾಲದಲ್ಲಿ ಪಾಯಾ ಕುಡಿದರೆ ಮೊಣಕಾಲಿನ ಎಣ್ಣೆ ತುಂಬುತ್ತದೆ ಎಂದು ನಮ್ಮ ಓಣಿಯಲ್ಲಿ ಎಲ್ಲರ ನಂಬಿಕೆ. ರುಚಿಗೆ ನನ್ನದೂ ಒಂದು ವೋಟು. ಆದರೆ ಹೊಟ್ಟೆಗೆ ಹೋದ ಪ್ರೋಟೀನ್ ಜೀರ್ಣವಾಗಿ ಅಮೈನೋ ಆಮ್ಲಗಳಾಗುತ್ತದೆ. ನೇರವಾಗಿ ಮೊಣಕಾಲಿಗೆ ಹೋಗಿ ಕೂರುವುದಿಲ್ಲ. ಗೌಟ್ ಇದ್ದವರು ಮಾಂಸ, ಅದರಲ್ಲೂ ಲಿವರ್, ಗುರ್ದಾ ಕಡಿಮೆ ಮಾಡುವುದೇ ಒಳ್ಳೆಯದು. ಸಂಕ್ರಾಂತಿಯ ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ ಚಳಿಗಾಲಕ್ಕೆ ಒಳ್ಳೆಯ ಊಟ, ಆದರೆ ಔಷಧ ಅಲ್ಲ.

ಕಾಯಬಾರದ ಲಕ್ಷಣಗಳು

ಒಂದು ಕೀಲು ಇದ್ದಕ್ಕಿದ್ದಂತೆ ಕೆಂಪಾಗಿ ಊದಿ ಜ್ವರವೂ ಬಂದರೆ ಅವತ್ತೇ ಆಸ್ಪತ್ರೆಗೆ ಹೋಗಬೇಕು. ಕೀಲಿನೊಳಗೆ ಸೋಂಕು ಆಗಿರಬಹುದು. ಬಿದ್ದ ಮೇಲೆ ಕಾಲೂರಲು ಆಗದಿದ್ದರೂ ಹಾಗೆಯೇ. ಮುಂಜಾನೆಯ ಬಿಗಿತ ಒಂದು ಗಂಟೆ ಮೀರಿ, ಕೆಲವು ವಾರ ಹಾಗೇ ಮುಂದುವರಿದರೆ ತೋರಿಸಿ, ರಕ್ತ ಪರೀಕ್ಷೆ ಮಾಡಿಸಿ.

ನಮ್ಮ ನಾಲ್ಕು ಊರುಗಳೂ ಮೈಮುರಿದು ದುಡಿಯುವವರ ಊರುಗಳು. ರಬಕವಿ–ಬನಹಟ್ಟಿಯ ಕುಣಿಮಗ್ಗದಲ್ಲಿ ಕಾಲು ಇಳಿಬಿಟ್ಟು ಕೂತವರು, ಮುಧೋಳ ಮತ್ತು ಬೀಳಗಿ ಕಡೆಯ ಹೊಲಗಳಲ್ಲಿ ನಸುಕಿನ ಇಬ್ಬನಿಯಲ್ಲೇ ಕಬ್ಬು ಕಡಿಯುವ ಗ್ಯಾಂಗಿನವರು, ಮನೆಯಲ್ಲಿ ತಣ್ಣೀರಲ್ಲಿ ಬಟ್ಟೆ ಒಗೆಯುವ ನಮ್ಮ ಅಮ್ಮಂದಿರು. ಇವರೆಲ್ಲ ನೋವನ್ನು ಕೆಲಸದ ಭಾಗವೆಂದೇ ತಿಳಿದಿದ್ದಾರೆ, ಕೇಳಿದರಷ್ಟೇ ಹೇಳುತ್ತಾರೆ. ಹಾಗಾಗಿ ಕೇಳಬೇಕಾದವರು ನಾವು. ಇವತ್ತು ಮನೆಗೆ ಹೋದ ಮೇಲೆ “ಮುಂಜಾನೆ ಎದ್ದಾಗ ಎಷ್ಟೊತ್ತು ಹಿಡಕೊಂಡಿರ್ತದ?” ಅಂತ ಒಂದು ಸಲ ಕೇಳಿ. ಉತ್ತರ ಅರ್ಧ ಗಂಟೆಯೋ ಒಂದು ಗಂಟೆಯೋ ಎಂಬುದೇ ಡಾಕ್ಟರ್‌ಗೂ ಬೇಕಾದ ಮೊದಲ ಮಾಹಿತಿ.

ಈ ವರ್ಷವೂ ಚಳಿ ಬಂದಿದೆ, ದಾದಿಯ ಮೊಣಕಾಲು ಪೂರ್ತಿ ವಾಸಿಯಾಗಿಲ್ಲ, ಆಗುವುದೂ ಇಲ್ಲ. ಆದರೆ ನಿನ್ನೆ ಅವರು ನಾನು ಎಬ್ಬಿಸುವ ಮೊದಲೇ ಎದ್ದು, ಕೌದಿಯೊಳಗೆ ಕಾಲು ಆಡಿಸುತ್ತ ಎಣಿಸುತ್ತಿದ್ದರು. ಏಳರ ತನಕ ಎಣಿಸಿ ನನ್ನ ಕಡೆ ನೋಡಿ, “ನೀ ಮಕ್ಕೋ ಬೇಟಿ, ಪರೀಕ್ಷಾ ಐತಿ ನಿನಗ, ಲೆಕ್ಕಾ ನಾ ಇಟ್ಕೋತೀನಿ” ಅಂದರು.

— ದ್ವಿತೀಯ ಪಿಯುಸಿ, ವಿಜ್ಞಾನ ವಿಭಾಗದ ವಿದ್ಯಾರ್ಥಿನಿ