ಪರೀಕ್ಷೆಗೆ ಸಿಗದ ಬಳಲಿಕೆ

ಕೋವಿಡ್ ಬಂದು ಹೋಯಿತೆಂದು ನಾವು ಹೇಳುತ್ತೇವೆ. ಬಂದದ್ದು ನಿಜ, ಎಲ್ಲರ ಮೈಯಿಂದಲೂ ಅದು ಪೂರ್ತಿಯಾಗಿ ಹೋಯಿತೆ ಎಂಬುದು ಬೇರೆ ಪ್ರಶ್ನೆ. ಜ್ವರ ಇಳಿದು ತಿಂಗಳುಗಳು ಕಳೆದರೂ ಕೆಲವರನ್ನು ಬಳಲಿಕೆ, ಏದುಸಿರು, ಮರೆವು ಬಿಡುವುದಿಲ್ಲ. ಸಾಮಾನ್ಯವಾಗಿ ಸೋಂಕಿನ 3 ತಿಂಗಳ ಹೊತ್ತಿಗೆ ಕಂಡುಬಂದು, ಕನಿಷ್ಠ 2 ತಿಂಗಳು ಉಳಿಯುವ, ಬೇರೆ ಕಾರಣ ದೊರೆಯದ ಇಂಥ ತೊಂದರೆಗಳನ್ನು ವಿಶ್ವ ಆರೋಗ್ಯ ಸಂಸ್ಥೆ 2021ರ ಅಕ್ಟೋಬರಿನಲ್ಲಿ ಒಂದು ವ್ಯಾಧಿಯಾಗಿ ನಿರೂಪಿಸಿತು. ಇದೇ ದೀರ್ಘ ಕೋವಿಡ್.

ಮಾಗಡಿಯ ಕಡೆಯ ರೈತನೊಬ್ಬನನ್ನು ಊಹಿಸಿಕೊಳ್ಳೋಣ. ರಾಗಿ ಹೊಲದಲ್ಲಿ ದಿನವಿಡೀ ದುಡಿಯುತ್ತಿದ್ದವನು ಈಗ ಎರಡು ಸಾಲು ಕಳೆ ತೆಗೆಯುವಷ್ಟರಲ್ಲಿ ಬದುವಿನ ಮೇಲೆ ಕುಳಿತುಬಿಡುತ್ತಾನೆ. ಆಸ್ಪತ್ರೆಗೆ ಹೋದರೆ ರಕ್ತವೂ ಸರಿ, ಎಕ್ಸ್‌ರೇಯೂ ಸರಿ. ಆಗ ಮನೆಯವರು ಅದನ್ನು ಮೈಗಳ್ಳತನವೆನ್ನುತ್ತಾರೆ. ಮಗುವಾದರೆ ಶಾಲೆ ತಪ್ಪಿಸುವ ನೆಪವೆಂಬ ಬೈಗುಳ. ಈ ತೀರ್ಪು ಅವಸರದ್ದೆಂದು ತೋರಿಸುವುದೇ ನನ್ನ ಉದ್ದೇಶ.

ಸಾಮಾನ್ಯ ರಕ್ತಪರೀಕ್ಷೆ ಅಳೆಯುವುದು ಬೆರಳೆಣಿಕೆಯ ಅಂಶಗಳನ್ನು. ರಕ್ತದಲ್ಲಾದರೋ ಸಾವಿರಾರು ಬಗೆಯ ಪ್ರೋಟೀನುಗಳಿವೆ. ಅವುಗಳನ್ನು ಒಟ್ಟಿಗೆ ಅಳೆದು, ಗುಣವಾದವರ ರಕ್ತವನ್ನೂ ಆಗದವರ ರಕ್ತವನ್ನೂ ಹೋಲಿಸಿ ನೋಡುವುದು ಅಣುಮಟ್ಟದ ಅಧ್ಯಯನ. ಸ್ವಿಟ್ಜರ್ಲೆಂಡಿನ ಜ್ಯೂರಿಕ್ ನಗರದ ಸಂಶೋಧಕರು 6,500ಕ್ಕೂ ಹೆಚ್ಚು ಪ್ರೋಟೀನುಗಳನ್ನು ಹೀಗೆ ಅಳೆದು 2024ರಲ್ಲಿ ಫಲಿತಾಂಶ ಪ್ರಕಟಿಸಿದರು. ರೋಗಾಣುಗಳ ವಿರುದ್ಧ ಹೋರಾಡುವ ‘ಕಾಂಪ್ಲಿಮೆಂಟ್’ ಎಂಬ ಪ್ರೋಟೀನುಗಳ ಪಡೆ, ದೀರ್ಘ ಕೋವಿಡ್ ಇದ್ದವರಲ್ಲಿ 6 ತಿಂಗಳಾದರೂ ಹತೋಟಿಗೆ ಬಂದಿರಲಿಲ್ಲ. ಯುದ್ಧ ಮುಗಿದರೂ ಆಯುಧ ಕೆಳಗಿಡದ ಪಡೆ ತನ್ನ ನಾಡಿಗೇ ಹಾನಿ ಮಾಡುವಂತೆ, ಅದು ರಕ್ತನಾಳಗಳ ಒಳಪದರವನ್ನು ಘಾಸಿಗೊಳಿಸಬಲ್ಲದು.

ದೊಡ್ಡವರಲ್ಲಿ ಕಂಡದ್ದನ್ನು ಮಕ್ಕಳಿಗೆ ಹಾಗೆಯೇ ಅನ್ವಯಿಸಲಾಗದು. ಅಮೆರಿಕದಲ್ಲಿ 2024ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ 6ರಿಂದ 11 ವರ್ಷದವರಲ್ಲಿ ಏಕಾಗ್ರತೆಯ ಕೊರತೆ, ನಿದ್ರಾಭಂಗ, ಹೊಟ್ಟೆನೋವು ಎದ್ದುಕಂಡವು. 12ರಿಂದ 17ರವರಲ್ಲಿ ಬಳಲಿಕೆ, ಮೈನೋವು, ವಾಸನೆ–ರುಚಿಗಳ ನಷ್ಟ. ಬೆಳೆಯುವ ದೇಹದಲ್ಲಿ ರೋಗನಿರೋಧಕ ಶಕ್ತಿಯೂ ಬೆಳೆಯುತ್ತಿರುತ್ತದೆ. ಆದ್ದರಿಂದ ಮಗುವಿನ ರಕ್ತವನ್ನು ಅದೇ ವಯಸ್ಸಿನ ಆರೋಗ್ಯವಂತ ಮಕ್ಕಳ ರಕ್ತದೊಡನೆಯೇ ಹೋಲಿಸಬೇಕು.

ಈ ಅಳತೆಗಳಲ್ಲಿ ಯಾವುದೂ ಇನ್ನೂ ರೋಗವನ್ನು ಖಚಿತಪಡಿಸುವ ಪರೀಕ್ಷೆಯಾಗಿಲ್ಲ. ಹಾಗೆಂದು ಯಾರಾದರೂ ಮಾರಲು ಬಂದರೆ ನಂಬಬೇಡಿ. ರಕ್ತಹೀನತೆ, ಥೈರಾಯ್ಡ್, ಕ್ಷಯ ಇವೆಯೇ ಎಂದು ವೈದ್ಯರು ಮೊದಲು ನೋಡಲಿ. ಅವು ಇಲ್ಲವೆಂದಾದರೆ, ಬಳಲಿದವರ ಮಾತನ್ನು ನಂಬಿ, ಮೈ ತಾಳುವಷ್ಟೇ ಕೆಲಸ ಹೇಳಿ. ಮಗುವಿನ ವಿಷಯವನ್ನು ಶಾಲೆಯ ಮೇಷ್ಟರಿಗೂ ತಿಳಿಸಿ.