ಸುಳ್ಳು ಆರೋಪ ಹೊತ್ತವರು ಕ್ಷಮಿಸುವುದು ಹೇಗೆ?



ಕಳೆದುಹೋದ ಹಣವನ್ನು ಮತ್ತೆ ದುಡಿಯಬಹುದು. ಸುಳ್ಳು ಆರೋಪದಿಂದ ಹೋದ ಮಾನವನ್ನು ಹಾಗೆ ದುಡಿದು ತರಲಾಗದು. ಆದ್ದರಿಂದಲೇ ಈ ಗಾಯ ಆಳವಾದದ್ದು. ಇಂಥವರಿಗೆ ನಾವು ‘ಕ್ಷಮಿಸಿಬಿಡಿ’ ಎಂದಾಗ ಅವರಿಗೆ ‘ಸುಮ್ಮನಿದ್ದುಬಿಡಿ’ ಎಂದೇ ಕೇಳಿಸುತ್ತದೆ. ಕ್ಷಮೆ ಮತ್ತು ಮೌನ ಒಂದೇ ಅಲ್ಲ ಎಂಬುದನ್ನು ನಾವು ತಿಳಿಯಬೇಕು.

ಕರಾವಳಿಯಿಂದ ಹೋಗಿ ದಕ್ಷಿಣ ಬೆಂಗಳೂರಿನಲ್ಲಿ ನೆಲೆಸಿರುವ ನಮ್ಮವರಲ್ಲಿ ಹಲವರಿಗೆ 2007ರ ಜುಲೈ ತಿಂಗಳು ನೆನಪಿರಬಹುದು. ಡಾ. ಮೊಹಮ್ಮದ್ ಹನೀಫ್ ಆಗ ಆಸ್ಟ್ರೇಲಿಯಾದ ಗೋಲ್ಡ್ ಕೋಸ್ಟ್ ಆಸ್ಪತ್ರೆಯಲ್ಲಿ ವೈದ್ಯರು. ಬೆಂಗಳೂರಿನಲ್ಲಿ ಹುಟ್ಟಿದ್ದ ಹಸುಗೂಸನ್ನು ನೋಡಲು ಹೊರಟಿದ್ದ ಅವರನ್ನು ಜುಲೈ 2ರಂದು ಬ್ರಿಸ್ಬೇನ್ ವಿಮಾನ ನಿಲ್ದಾಣದಲ್ಲಿ ಬಂಧಿಸಲಾಯಿತು. ಎರಡು ದಿನ ಮೊದಲು ಸ್ಕಾಟ್ಲೆಂಡಿನ ಗ್ಲಾಸ್ಗೋ ವಿಮಾನ ನಿಲ್ದಾಣದ ಮೇಲೆ ದಾಳಿ ನಡೆದಿತ್ತು. ದಾಳಿಕೋರನ ತಮ್ಮ ಹನೀಫರಿಗೆ ದೂರದ ಸಂಬಂಧಿ. ಒಂದು ವರ್ಷದ ಹಿಂದೆ ಇಂಗ್ಲೆಂಡ್ ಬಿಡುವಾಗ ತಮ್ಮ ಮೊಬೈಲಿನ ಸಿಮ್ ಕಾರ್ಡನ್ನು ಅವನಿಗೆ ಕೊಟ್ಟು ಬಂದದ್ದೇ ಆರೋಪಕ್ಕೆ ಆಧಾರವಾಯಿತು. ಆ ಸಿಮ್ ದಾಳಿಯ ವಾಹನದಲ್ಲಿ ಸಿಕ್ಕಿತೆಂದು ನ್ಯಾಯಾಲಯದಲ್ಲಿ ಹೇಳಲಾಯಿತು. ನಿಜವಾಗಿ ಅದು ಸಿಕ್ಕಿದ್ದು ಲಿವರ್‌ಪೂಲ್ ನಗರದಲ್ಲಿ.

ಇತ್ತ ಬಿಟಿಎಂ ಲೇಔಟ್‌ನ ಕುಟುಂಬದವರ ಮನೆ ಮುಂದೆ ಟಿವಿ ಕ್ಯಾಮೆರಾಗಳು ನೆರೆದವು. ಜುಲೈ 27ರಂದು ಆರೋಪವನ್ನು ಕೈಬಿಡಲಾಯಿತು. ಅವರ ಮೇಲೆ ಮೊಕದ್ದಮೆ ಹೂಡಲು ಸಾಕ್ಷ್ಯವೇ ಇರಲಿಲ್ಲವೆಂದು ಕ್ಲಾರ್ಕ್ ವಿಚಾರಣಾ ವರದಿ ಹೇಳಿದ್ದು 2008ರ ಕೊನೆಗೆ. ಪರಿಹಾರದ ಒಪ್ಪಂದವಾದದ್ದು 2010ರ ಡಿಸೆಂಬರಿನಲ್ಲಿ. ಆರೋಪ ಒಂದೇ ದಿನದಲ್ಲಿ ಲೋಕ ಸುತ್ತಿತು; ಮಾನ ಮರಳಲು ಮೂರು ವರ್ಷಗಳಾದವು. ಸತ್ಯ ದಾಖಲಾಗಲಿ ಎಂದು ಅಷ್ಟು ಕಾಲ ಪಟ್ಟುಹಿಡಿದು ಕೇಳುವುದು ಸೇಡಲ್ಲ, ನ್ಯಾಯ.

ಪವಿತ್ರ ಬೈಬಲ್ ಕಲಿಸುವುದೂ ಇದನ್ನೇ. ಪೋಟೀಫರನ ಹೆಂಡತಿಯ ಸುಳ್ಳಿನಿಂದ ಸೆರೆಮನೆ ಸೇರಿದ ಜೋಸೆಫನು, ತಾನು ನಿರಪರಾಧಿಯೆಂದು ಫರೋಹನಿಗೆ ತಿಳಿಸುವಂತೆ ಸಹಕೈದಿಯನ್ನು ಬೇಡಿಕೊಂಡನು. ಅದೇ ಜೋಸೆಫನು ಮುಂದೆ, ತನ್ನನ್ನು ಮಾರಿದ ಅಣ್ಣಂದಿರನ್ನು ಕ್ಷಮಿಸಿ ಅವರ ಮಕ್ಕಳನ್ನೂ ಸಾಕಿದನು. ಪ್ರಧಾನ ಯಾಜಕನ ಎದುರು ಕೆನ್ನೆಗೆ ಏಟು ಬಿದ್ದಾಗ ಯೇಸುಸ್ವಾಮಿ, ತಮ್ಮ ಮಾತಿನಲ್ಲಿ ತಪ್ಪೇನೆಂದು ನೇರವಾಗಿ ಕೇಳಿದರು. ಮರುದಿನ ಶಿಲುಬೆಯ ಮೇಲಿಂದ ತಮ್ಮನ್ನು ಕೊಲ್ಲುತ್ತಿದ್ದವರಿಗಾಗಿ ಪ್ರಾರ್ಥಿಸಿದರು. ಸತ್ಯವನ್ನು ಹೇಳಿದ ಬಾಯಿಯೇ ಕ್ಷಮೆಯನ್ನೂ ಬೇಡಿತು.

ಹಾಗಾದರೆ ನೊಂದವರು ಮಾಡಬೇಕಾದುದೇನು? ಮೊದಲನೆಯದಾಗಿ, ಸತ್ಯವನ್ನು ಹೇಳಬೇಕಾದವರ ಮುಂದೆ ಹೇಳಬೇಕು: ಅದು ಧರ್ಮಗುರುಗಳಿರಲಿ, ಪಾಲನಾ ಮಂಡಳಿಯಿರಲಿ, ನ್ಯಾಯಾಲಯವೇ ಇರಲಿ. ಎರಡನೆಯದಾಗಿ, ಸುಳ್ಳಿಗೆ ಸುಳ್ಳಿನಿಂದ ಉತ್ತರ ಕೊಡಬಾರದು. ಮೂರನೆಯದಾಗಿ, ಆರೋಪ ಮಾಡಿದವರ ಹೆಸರು ಹಿಡಿದು ಪ್ರಾರ್ಥಿಸಬೇಕು. ಮನಸ್ಸಿನ ನೋವು ಕೂಡಲೇ ಹೋಗದಿರಬಹುದು. ಅದರಿಂದ ಕ್ಷಮೆ ಸುಳ್ಳಾಗುವುದಿಲ್ಲ. ಅವರಿಗೆ ಕೇಡನ್ನು ಬಯಸುವುದಿಲ್ಲ ಎಂಬ ನಿರ್ಧಾರವನ್ನು ದಿನವೂ ಹೊಸದಾಗಿ ಮಾಡುವುದೇ ಕ್ಷಮೆ.

ಆರೋಪ ಹೊರಿಸಿದವರಿಗೂ ಒಂದು ಕರ್ತವ್ಯವಿದೆ. ಪಾಪನಿವೇದನೆಯಲ್ಲಿ ಕ್ಷಮೆ ಪಡೆದರೂ, ಕೆಡಿಸಿದ ಹೆಸರನ್ನು ಸರಿಪಡಿಸುವ ಹೊಣೆ ತಪ್ಪದೆಂದು ಧರ್ಮಸಭೆ ಬೋಧಿಸುತ್ತದೆ. ಕದ್ದ ವಸ್ತುವನ್ನು ಹಿಂದಿರುಗಿಸುವಂತೆ ಕದ್ದ ಮಾನವನ್ನೂ ಹಿಂದಿರುಗಿಸಬೇಕು.

ನಮ್ಮಲ್ಲಿ ಹೆಚ್ಚಿನವರು ಆರೋಪಿಯೂ ಅಲ್ಲ, ಆರೋಪ ಮಾಡಿದವರೂ ಅಲ್ಲ, ಕೇಳಿ ದಾಟಿಸಿದವರು. ವಾಳೆಯ ಗುರಿಕಾರರು ಲೆಕ್ಕ ತಪ್ಪಿಸಿದರಂತೆ, ಆ ಶಿಕ್ಷಕಿ ಹೀಗಂತೆ ಎಂಬ ಮಾತು ಪೂಜೆ ಮುಗಿದ ಅಂಗಳದಿಂದ ಮೊಬೈಲಿಗೆ, ಮೊಬೈಲಿನಿಂದ ಊರಿಗೆ ಹೋಗುತ್ತದೆ. ಅದು ಸುಳ್ಳೆಂದು ತಿಳಿದ ದಿನ, ಅಂದು ಎಷ್ಟು ಜನರಿಗೆ ಹೇಳಿದ್ದೆವೋ ಅಷ್ಟೂ ಜನರಿಗೆ ಸತ್ಯವನ್ನು ತಿಳಿಸೋಣ. ಕ್ಷಮಿಸಲು ಹೆಣಗುತ್ತಿರುವ ಆ ಸಹೋದರನ, ಸಹೋದರಿಯ ಭಾರ ಅಷ್ಟಾದರೂ ಇಳಿಯಲಿ.